ನೀರಿಗಿಳಿದ ಮಣೆ

ಎರಡು ಹೊಳೆಗಳು ಕೂಡುವಲ್ಲಿ, ದಂಡೆಯ ಮೇಲೆ, ಒಂದು ಸಣ್ಣ ಮಠವಿತ್ತು. ಅಲ್ಲಿ ಅಡವಯ್ಯನವರೆಂಬ ಗುರುಗಳಿದ್ದರು.

ಸಂಗಮಕ್ಕಿಂತ ಸ್ವಲ್ಪ ಮೇಲೆ, ದೊಡ್ಡ ಹೊಳೆಯ ನಡುವೆ ಒಂದು ನಡುಗಡ್ಡೆ. ಸುತ್ತಲಿನ ಯಾವ ಗದ್ದೆಗಿಂತಲೂ ಮುಂಚೆ ಆ ನೆಲದಲ್ಲಿ ಭತ್ತ ಹಣ್ಣಾಗುತ್ತಿತ್ತು.

ಊರಿನ ಕೊಯ್ಲಾದ ಮೇಲಿನ ಹುಣ್ಣಿಮೆಯಂದು, ಅಲ್ಲಿ ಕಾದಿಟ್ಟ ಮೊದಲ ತೆನೆ ಮಠದ ದೋಣಿಯಲ್ಲಿ ಬರಬೇಕು. ನೀರು ತಾಗದೆ ಬರಬೇಕು. ಹೊತ್ತು ಮುಳುಗುವ ಮೊದಲು ಬರಬೇಕು. ಅದನ್ನು ದೇವರ ಮುಂದಿಟ್ಟ ಮೇಲೆಯೇ ದಂಡೆಯ ಊರಿನವರು ಹೊಸ ಅಕ್ಕಿಯ ಅನ್ನ ಉಣ್ಣಬೇಕು. ತಪ್ಪಿದರೆ ಮುಂದಿನ ಹುಣ್ಣಿಮೆಯ ತನಕ ಕಾಯಬೇಕು. ಅಜ್ಜ ಮುತ್ತಜ್ಜಂದಿರಿಂದ ಬಂದ ಕಟ್ಟಳೆ ಅದು.

ಹೋದ ವರ್ಷ ತಪ್ಪಿತು.

ಹಳೆಯ ದೋಣಿ ನೀರು ಕುಡಿದು ಭಾರವಾಗಿತ್ತು. ಅದು ದಂಡೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕಣಜದಲ್ಲಿ ಹೊಸ ಭತ್ತ ಇದ್ದೂ, ಆ ತಿಂಗಳೆಲ್ಲ ಮಕ್ಕಳು ಗೆಣಸು ತಿಂದು ಮಲಗಿದವು.

ಆ ದಿನ ದೋಣಿಗೆ ಹುಟ್ಟು ಹಾಕಿದವನು ಗುರುಗಳ ಶಿಷ್ಯ ಕಲ್ಲಿನಾಥ. ದಂಡೆಯಲ್ಲಿ ಅವನಷ್ಟು ಗಟ್ಟಿ ತೋಳಿನವನು ಇನ್ನೊಬ್ಬನಿರಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ಬೈಯದಿದ್ದದ್ದೇ ಅವನಿಗೆ ಚುಚ್ಚಿತು.

ಈ ವರ್ಷ ಅವನು ತಾನೇ ಹೊಸ ದೋಣಿ ಕಟ್ಟಿದ. ಮುಗಿದ ದಿನ ಗುರುಗಳನ್ನು ದಂಡೆಗೆ ಕರೆದ.

ದೋಣಿ ಮರಳಿನ ಮೇಲೆ ಬೋರಲು ಬಿದ್ದಿತ್ತು. ಗುರುಗಳು ಅದರ ಹೊಟ್ಟೆಯ ಮೇಲೆ ಅಂಗೈ ಆಡಿಸಿದರು.

"ನುಣ್ಣಗಿದೆ."

"ನೀರು ಎಲ್ಲೂ ತಡೆಯುವುದಿಲ್ಲ ಗುರುಗಳೇ. ಹೂವಿನಷ್ಟು ಹಗುರ. ಈ ಸಲ ಹೊತ್ತು ಎರಡು ಮಾರು ಮೇಲಿರುವಾಗಲೇ ತೆನೆ ತರುತ್ತೇನೆ."

"ಹಳೆ ದೋಣಿಯ ಅಡಿಯಲ್ಲಿ, ಹಿಂಬದಿಗೆ, ಒಂದು ಹಲಗೆ ಉದ್ದಕ್ಕೆ ನಿಂತಿತ್ತಲ್ಲ?"

"ಇದಕ್ಕೆ ಹಾಕಲಿಲ್ಲ."

"ಯಾಕಪ್ಪಾ?"

"ಅದು ದೋಣಿಯನ್ನು ನೂಕುವುದಿಲ್ಲ. ಭಾರವನ್ನೂ ಹೊರುವುದಿಲ್ಲ. ನೀರೊಳಗೆ ಸುಮ್ಮನೆ ನಿಂತಿರುತ್ತದೆ. ದುಡಿಯದ್ದನ್ನು ಯಾಕೆ ಎಳೆದುಕೊಂಡು ತಿರುಗಬೇಕು?"

"ಆ ಹಲಗೆ ಎಲ್ಲಿ?"

"ಸಂಕವ್ವನ ಒಲೆಗೆ ಕೊಟ್ಟೆ."

ಸಂಕವ್ವ ಮಠದಲ್ಲಿ ಅಡುಗೆ ಮಾಡುವಾಕೆ. ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿದ್ದಳು. "ಚೆನ್ನಾಗಿ ಉರೀತು ಅಪ್ಪನವರೇ," ಅಂದಳು. "ನನ್ನ ಹತ್ತಿರವಾದರೂ ದುಡೀತು."

ಗುರುಗಳು ನಕ್ಕರು. "ದೋಣಿ ನೀರಿಗಿಳಿಸು."

ಜೊತೆಗೆ ಹುಟ್ಟು ಹಾಕಲು ಅಂಬಿಗರ ದ್ಯಾಮಣ್ಣ ಹತ್ತಿದ. ಕಲ್ಲಿನಾಥನಿಗಿಂತ ಹಿರಿಯ, ಬಾಯಿ ಸ್ವಲ್ಪ ಜೋರು. ದೋಣಿ ನೀರಿಗೆ ಬಿದ್ದ ಕೂಡಲೇ ಚಿಮ್ಮಿತು. ಕಲ್ಲಿನಾಥ ಕೇಕೆ ಹಾಕಿದ.

ಅಷ್ಟರಲ್ಲಿ ಪಕ್ಕದಿಂದ ಗಾಳಿ ಬೀಸಿತು. ದೋಣಿಯ ಮೂತಿ ಒಂದಿಷ್ಟು ವಾಲಿತು. ಕಲ್ಲಿನಾಥ ಬಲ ಹಾಕಿ ಎಳೆದ. ಮೂತಿ ಮತ್ತೊಂದು ಕಡೆಗೆ ಹೊರಳಿತು. ಇನ್ನೂ ಬಲ ಹಾಕಿದ. ದೋಣಿ ನಿಂತಲ್ಲೇ ಸುತ್ತಿತು.

"ಯಾಕೋ ಕಲ್ಲಿ!" ದಂಡೆಯಿಂದ ಸಂಕವ್ವ ಕೂಗಿದಳು. "ದೋಣಿ ಕಟ್ಟು ಅಂದರೆ ಹರಿಗೋಲು ಕಟ್ಟಿದ್ದೀಯಲ್ಲೋ! ಗರಗರ ತಿರುಗ್ತಿದೆ!"

"ನನ್ನನ್ನು ಇಳಿಸಪ್ಪಾ ತಮ್ಮಾ," ಅಂದ ದ್ಯಾಮಣ್ಣ. "ಬೀಸುವ ಕಲ್ಲಿನ ಮೇಲೆ ಕೂತ ಹಾಗಾಗಿದೆ. ಹೊಟ್ಟೆಯಲ್ಲಿದ್ದ ಮೊಸರು ಕಡೆದು ಬೆಣ್ಣೆಯಾಯಿತು."

ಕಲ್ಲಿನಾಥ ಒದ್ದೆಯಾಗಿ ದಂಡೆಗೆ ಬಂದ. "ಇನ್ನೂ ಬಲ ಹಾಕಬೇಕು ಗುರುಗಳೇ. ಅಭ್ಯಾಸ ಸಾಲದು."

ಗುರುಗಳು ಮಠದ ಕೊಳದ ಕಡೆ ಕೈ ತೋರಿಸಿದರು. "ಅಲ್ಲಿ ಮೀನುಗಳಿವೆ. ಮೀನಿನ ಯಾವ ರೆಕ್ಕೆ ಅದನ್ನು ಮುಂದಕ್ಕೆ ನೂಕುತ್ತದೆ, ನೋಡಿಕೊಂಡು ಬಾ."

ಕಲ್ಲಿನಾಥ ಹೋದ. ಬೇಗನೆ ಬಂದ.

"ಬಾಲದ ರೆಕ್ಕೆ ಗುರುಗಳೇ. ನೂಕುವುದೆಲ್ಲ ಬಾಲವೇ."

"ಉಳಿದವು?"

"ಉಳಿದವು..." ಕಲ್ಲಿನಾಥ ತಲೆ ಕೆರೆದುಕೊಂಡ. "ಅಂದಕ್ಕಿರಬಹುದು."

"ಕೊಳದೊಳಗೆ ಯಾರು ನೋಡುತ್ತಾರಪ್ಪಾ ಅಂದ? ಮತ್ತೆ ಹೋಗು."

ಈ ಸಲ ಅವನು ಮರುದಿನ ಬೆಳಗಿನಿಂದ ಸಂಜೆಯ ತನಕ ಕೊಳದ ಮೆಟ್ಟಿಲ ಮೇಲೆ ಕೂತ.

"ಕೆನ್ನೆಯ ಪಕ್ಕದ ರೆಕ್ಕೆಗಳನ್ನು ಮೀನು ನಿಲ್ಲುವಾಗ ಅಗಲಿಸುತ್ತದೆ ಗುರುಗಳೇ. ತಿರುಗುವಾಗ ಒಂದನ್ನು ಮುದುಡುತ್ತದೆ, ಒಂದನ್ನು ಚಾಚುತ್ತದೆ. ಅವೂ ದುಡಿಯುತ್ತವೆ."

"ಬೆನ್ನಿನ ಮೇಲಿನದು?"

"ಅದೊಂದು ಮಾತ್ರ ಬೀಸುವುದಿಲ್ಲ, ಬಡಿಯುವುದಿಲ್ಲ. ಸುಮ್ಮನೆ ನಿಂತಿರುತ್ತದೆ."

"ಅಷ್ಟೇ ಕಂಡೆಯಾ?"

"ಇಲ್ಲ. ಒಂದು ಮೀನಿನ ಬೆನ್ನಿನ ರೆಕ್ಕೆಯನ್ನು ಯಾವುದೋ ಹಕ್ಕಿ ಕಿತ್ತಿದೆ. ಆ ಮೀನು ಎಲ್ಲಕ್ಕಿಂತ ಜೋರಾಗಿ ಬಾಲ ಬಡಿಯುತ್ತದೆ. ಆದರೆ ಎಲ್ಲಕ್ಕಿಂತ ಹಿಂದೆ ಉಳಿಯುತ್ತದೆ. ಮೈ ಆ ಕಡೆ ಈ ಕಡೆ ವಾಲುತ್ತದೆ, ಪಾಪ."

"ಅದಕ್ಕೇನು ಕಡಿಮೆ?"

"ಬಲವಂತೂ ಕಡಿಮೆಯಿಲ್ಲ."

"ಹಾಗಾದರೆ ನಿನ್ನ ದೋಣಿಗೇನು ಕಡಿಮೆ?"

ಕಲ್ಲಿನಾಥನಿಗೆ ಉತ್ತರ ಸಿಕ್ಕಿತು ಅನ್ನಿಸಿತು. "ದೋಣಿಯ ಅಡಿ ಅಗಲವಾಗಿದೆ ಗುರುಗಳೇ. ಮೀನಿನ ಹಾಗೆ ವಾಲುವುದಿಲ್ಲ. ಅದಕ್ಕೆ ಬೆನ್ನಿನ ರೆಕ್ಕೆಯ ಹಂಗಿಲ್ಲ. ಬಾಲಕ್ಕೆ ಬದಲು ನನ್ನ ತೋಳಿದೆ."

ಗುರುಗಳು ಜಪಕ್ಕೆ ಎದ್ದು ಹೋದರು.

ಅಂದಿನಿಂದ ಕಲ್ಲಿನಾಥ ದಿನವೂ ಹೊಳೆಗಿಳಿದ. ತೋಳು ಉಬ್ಬಿತು. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಯಿತು. ನಿಂತ ನೀರಿನಲ್ಲಿ ದೋಣಿ ಹೇಗೋ ಅವನ ಮಾತು ಕೇಳತೊಡಗಿತು. ಅವನಿಗೆ ಅಷ್ಟೇ ಸಾಕಾಯಿತು.

ಊರಿನಲ್ಲಿ ಹಳೆ ಅಕ್ಕಿ ತೀರುತ್ತ ಬಂತು. ಹೆಂಗಸರು ನೀರಿಗೆ ಬಂದಾಗ ದೋಣಿಯನ್ನು ನೋಡಿ ಹೋಗುತ್ತಿದ್ದರು. ಒಬ್ಬಳು ಕೇಳಿಯೇಬಿಟ್ಟಳು. "ಈ ಸಲ ಗೆಣಸು ನೆಡಬೇಕೋ ಬೇಡವೋ ಕಲ್ಲಿನಾಥಪ್ಪಾ? ಈಗಲೇ ಹೇಳಿಬಿಡು."

ಹೆಂಗಸರೆಲ್ಲ ನಕ್ಕರು. ಕಲ್ಲಿನಾಥನೂ ನಕ್ಕ. ಆದರೆ ಅಂದು ಅವನಿಗೆ ಊಟ ಸೇರಲಿಲ್ಲ.

ತೆನೆ ತರುವ ದಿನ ಬಂತು.

ಬೆಳಿಗ್ಗೆ ಕಲ್ಲಿನಾಥ ಸ್ನಾನ ಮಾಡಿ ಗುರುಗಳ ಕಾಲಿಗೆರಗಿದ. ಅಂಗಳದ ಮಾವಿನ ಮರದ ಕೆಳಗೆ ಗುರುಗಳು ತಮ್ಮ ಮಣೆಯ ಮೇಲೆ ಕೂತಿದ್ದರು. ಹಲಸಿನ ಹಲಗೆಯ ಹಳೆಯ ಮಣೆ. ಪೂಜೆಗೂ ಊಟಕ್ಕೂ ಅದೊಂದೇ. ಅವರ ಕೈಯಲ್ಲಿ ಒಂದು ಬಾಣವಿತ್ತು. ಹಿಂದೆ ಬೇಟೆ ಬಿಟ್ಟ ಒಬ್ಬ ಬೇಡ ಮಠಕ್ಕೆ ಒಪ್ಪಿಸಿ ಹೋದದ್ದು.

"ಎಸೆ," ಅಂದರು.

ಕಲ್ಲಿನಾಥ ಬಾಣವನ್ನು ಕೈಯಿಂದಲೇ ಬೀಸಿ ಎಸೆದ. ಅದು ನೇರ ಹೋಗಿ ಬಾಳೆಯ ದಿಂಡಿಗೆ ನಾಟಿತು.

"ಈಗ ಅದರ ಗರಿ ಕಿತ್ತುಹಾಕು. ಹಗುರವಾಗಲಿ."

ಕಲ್ಲಿನಾಥ ಒಮ್ಮೆ ಗುರುಗಳ ಮುಖ ನೋಡಿದ. ಗರಿ ಕಿತ್ತ. ಮೊದಲಿಗಿಂತ ಜೋರಾಗಿ ಎಸೆದ.

ಬಾಣ ಅರ್ಧ ದಾರಿಯಲ್ಲಿ ಅಡ್ಡಬಿತ್ತು. ತಿರುತಿರುಗಿ ಹೋಗಿ ಸಂಕವ್ವನ ಗಡಿಗೆಗೆ ಬಡಿಯಿತು.

"ಅಯ್ಯೋ ನಿನ್ನ!" ಒಳಗಿನಿಂದ ಸಂಕವ್ವ ಬಂದಳು. "ದೋಣಿ ಆಯಿತು, ಇನ್ನು ನನ್ನ ಅಡುಗೆಮನೆ ಸುತ್ತಿಸ್ತೀಯೇನೋ?"

ಕಲ್ಲಿನಾಥ ನಗಲಿಲ್ಲ. ಕೈಯಲ್ಲಿದ್ದ ಗರಿಗಳನ್ನು ನೋಡುತ್ತ ನಿಂತ.

"ಗರಿ ಬಾಣವನ್ನು ನೂಕಿತ್ತೇ?" ಕೇಳಿದರು ಗುರುಗಳು.

"ಇಲ್ಲ."

"ಅದರ ಭಾರ ಹೊತ್ತಿತ್ತೇ?"

"ಇಲ್ಲ ಗುರುಗಳೇ." ಅವನ ದನಿ ಇಳಿದಿತ್ತು. "ಹಿಂದೆ ಸುಮ್ಮನೆ ಇತ್ತು. ಹಿಂದೆ ಅದು ಅಡ್ಡಾಡಲಿಲ್ಲ, ಅದಕ್ಕೇ ಮುಂದಿನದು ದಾರಿ ತಪ್ಪಲಿಲ್ಲ."

ಗುರುಗಳು ಹೌದೆಂಬಂತೆ ಕಣ್ಣು ಮುಚ್ಚಿ ತೆರೆದರು.

"ಆದರೆ ಈಗ ಹಲಗೆ ಎಲ್ಲಿಂದ ತರಲಿ? ಕೊಯ್ದು ಒಣಗಿಸಲು ಹೊತ್ತಿಲ್ಲ. ಹಳೆಯದನ್ನು ಒಲೆಗೆ ಹಾಕಿದೆ."

ಗುರುಗಳು ಎದ್ದರು. ತಾವು ಕೂತಿದ್ದ ಮಣೆಯನ್ನು ಎತ್ತಿ ಅವನ ಕೈಗಿಟ್ಟರು.

"ನನಗಿದು ಇವತ್ತು ಬೇಡ. ದೋಣಿಗೆ ಬೇಕು."

ಕಲ್ಲಿನಾಥ ಮಣೆಯನ್ನು ಕಣ್ಣಿಗೊತ್ತಿಕೊಂಡ. ತಲೆಯ ಮೇಲಿಟ್ಟುಕೊಂಡು ದಂಡೆಗೆ ನಡೆದ.

ದ್ಯಾಮಣ್ಣ ದೋಣಿಯಲ್ಲಿ ಕಾಯುತ್ತಿದ್ದ. "ಬಂತೇನಪ್ಪಾ ಹಲಗೆ! ಕೊಡು, ಹಿಂಬದಿಗೆ ಬಿಗಿಯೋಣ. ಹಗ್ಗ ಇದೆ."

"ಹಲಗೆಯಲ್ಲ ದ್ಯಾಮಣ್ಣ. ಗುರುಗಳ ಮಣೆ."

"ಮಣೆಯೋ ಹಲಗೆಯೋ, ಮರ ತಾನೇ?"

"ಗುರುಗಳು ಕೂತ ಮಣೆಯನ್ನು ಕಾಲ ಕೆಳಗೆ, ಕೆಸರು ನೀರಿಗೆ ಬಿಡಲೇ? ನರಕಕ್ಕೆ ಹೋಗುತ್ತೇನೆ."

ಅವನು ಮಣೆಯನ್ನು ದೋಣಿಯ ಮೂತಿಯಲ್ಲಿ ಕೂರಿಸಿದ. ವಿಭೂತಿ ಹಚ್ಚಿದ. ಕಣಗಿಲೆ ಹೂವಿನ ಮಾಲೆ ಹಾಕಿದ. ಕೈ ಮುಗಿದ.

"ಅವರು ಮುಂದೆ ಕೂತಿದ್ದಾರೆ. ಇನ್ನು ನಮಗೇನು ಭಯ?"

ದ್ಯಾಮಣ್ಣ ಮಣೆಯನ್ನೂ ಅವನನ್ನೂ ನೋಡಿದ. ದೇವರ ವಿಷಯ ಅಂದುಕೊಂಡು ಹುಟ್ಟು ಹಿಡಿದ.

ನಡುಗಡ್ಡೆಯವರು ಪೂಜೆ ಮುಗಿಸಿ ತೆನೆ ಕೊಟ್ಟಾಗ ಹೊತ್ತು ಇಳಿಯತೊಡಗಿತ್ತು. ಹೊಸ ಮೊರದಲ್ಲಿ ತೆನೆಯ ಕಟ್ಟು. ಅದರ ಮೇಲೊಂದು ಮಡಿ ಬಟ್ಟೆ. ಮೊರವನ್ನು ದೋಣಿಯ ನಡುವೆ ಇಟ್ಟು ಹೊರಟರು.

ದೊಡ್ಡ ಹೊಳೆಯಲ್ಲಿ ದೋಣಿ ಚೆನ್ನಾಗಿ ಓಡಿತು. ನೀರೂ ಅತ್ತಲೇ ಹರಿಯುತ್ತಿತ್ತು.

"ನೋಡಿದೆಯಾ," ಅಂದ ಕಲ್ಲಿನಾಥ. "ಗುರುಗಳ ಮಣೆ ಎಳೆಯುತ್ತಿದೆ."

"ಸಂಗಮದ ಕೆಂಪು ನೀರು ಬರಲಿ, ಆಮೇಲೆ ಹೇಳು," ಅಂದ ದ್ಯಾಮಣ್ಣ.

ಸಂಗಮ ಬಂತು. ದೊಡ್ಡ ಹೊಳೆಯ ಕಪ್ಪು ನೀರಿಗೆ ಚಿಕ್ಕ ಹೊಳೆಯ ಕೆಂಪು ನೀರು ಅಡ್ಡ ನುಗ್ಗುತ್ತಿತ್ತು. ಎರಡರ ನಡುವೆ ಗೆರೆ ಎಳೆದ ಹಾಗಿತ್ತು. ಆಚೆ ದಂಡೆಯ ಮೇಲೆ ಊರೆಲ್ಲ ನಿಂತಿತ್ತು. ಜಾಗಟೆಯ ಸದ್ದು ಕೇಳುತ್ತಿತ್ತು.

ದೋಣಿಯ ಮೂತಿ ಗೆರೆ ದಾಟಿತು. ಕೆಂಪು ನೀರು ಅದನ್ನು ಹಿಡಿದು ತಿರುಗಿಸಿತು.

ಕಲ್ಲಿನಾಥ ಹಲ್ಲು ಕಚ್ಚಿ ಎಳೆದ. ದೋಣಿ ನೇರವಾಗುವ ಬದಲು ಅಡ್ಡಬಿತ್ತು. ಇನ್ನೊಂದು ಕಡೆ ಎಳೆದ. ಪೂರಾ ಒಂದು ಸುತ್ತು ಹೊಡೆಯಿತು. ಬಲ ಹಾಕಿದಷ್ಟೂ ಸುತ್ತಿತು. ಅಂಚಿನ ಮೇಲಿಂದ ನೀರು ಹಾರಿ ಮೊರದ ಪಕ್ಕದಲ್ಲೇ ಬಿತ್ತು. ದ್ಯಾಮಣ್ಣ ಹುಟ್ಟು ಬಿಟ್ಟು ಮೊರವನ್ನು ತೊಡೆಯ ಮೇಲೆ ಎತ್ತಿಕೊಂಡ.

ದಂಡೆಯ ಜಾಗಟೆ ನಿಂತಿತು.

ಕಲ್ಲಿನಾಥ ಮೂತಿಯ ಕಡೆ ತಿರುಗಿ ಕೈ ಮುಗಿದ. "ಗುರುವೇ, ಕಾಪಾಡು!"

"ಅವರು ಕಾಪಾಡಿ ಆಗಿದೆ ಕಣೋ!" ದ್ಯಾಮಣ್ಣ ಕಿರುಚಿದ. "ಬೆಳಿಗ್ಗೆಯೇ ಕಾಪಾಡಿದ್ದಾರೆ! ನೀನೇ ಅದಕ್ಕೆ ಹೂ ಹಾಕಿ ಕೂರಿಸಿದ್ದೀಯ!"

ಕಲ್ಲಿನಾಥನ ಕೈ ಮುಗಿದಲ್ಲೇ ನಿಂತಿತು.

ಮಣೆಯನ್ನು ನೋಡಿದ. ಬೆಳಿಗ್ಗೆ ಗುರುಗಳು ಹೇಳಿದ ಮಾತು ನೆನಪಾಯಿತು. ದೋಣಿಗೆ ಬೇಕು ಅಂದಿದ್ದರು. ಪೂಜೆಗೆ ಬೇಕು ಅನ್ನಲಿಲ್ಲ.

ಅವನು ಮಾಲೆ ಕಿತ್ತು ಹೊಳೆಗೆ ಎಸೆದ.

"ದ್ಯಾಮಣ್ಣ, ಮೊರ ನಿನ್ನ ತೊಡೆಯ ಮೇಲೇ ಇರಲಿ. ಎರಡೂ ಹುಟ್ಟು ನೀನೇ ಹಿಡಿ. ನಾನು ನೂಕುವುದಿಲ್ಲ."

"ಮತ್ತೇನು ಮಾಡ್ತೀಯ?"

"ಏನೂ ಮಾಡುವುದಿಲ್ಲ."

ಕಲ್ಲಿನಾಥ ಮಣೆ ಹಿಡಿದು ಹಿಂಬದಿಗೆ ತೆವಳಿದ. ಅಲ್ಲಿ ಹೊಟ್ಟೆಯ ಮೇಲೆ ಮಲಗಿದ. ಮಣೆಯನ್ನು ನೆಟ್ಟಗೆ ನಿಲ್ಲಿಸಿ, ದೋಣಿಯ ಉದ್ದಕ್ಕೆ ಸರಿಯಾಗಿ, ಮೊಣಕೈ ತನಕ ನೀರಿಗಿಳಿಸಿದ.

ಹೊಳೆ ಮಣೆಯನ್ನು ಎಡಕ್ಕೆ ಎಳೆಯಿತು. ಅವನು ಬಿಡಲಿಲ್ಲ. ಬಲಕ್ಕೆ ನೂಕಿತು. ಬಿಡಲಿಲ್ಲ. ಒಂದು ಸಲ ಬೀಸಿಬಿಡೋಣ ಅಂತ ತೋಳು ತುಡಿಯಿತು. ದಿನವೂ ಬೆಳೆಸಿದ ತೋಳು ಅದು. ಅವನು ಅದನ್ನು ಬೀಸಲು ಬಿಡಲಿಲ್ಲ. ನಿಲ್ಲಿಸಿ ಹಿಡಿದ. ತನ್ನ ಬಲವನ್ನೆಲ್ಲ ಅಲ್ಲಾಡದೆ ಇರುವುದಕ್ಕೇ ಹಾಕಿದ.

ದೋಣಿಯ ಹಿಂಬದಿ ಬೀಸಾಡುವುದು ಕಡಿಮೆಯಾಯಿತು.

ಆಮೇಲೆ ನಿಂತಿತು.

ಮೂತಿ ಮೆಲ್ಲಗೆ ತಿರುಗಿ ದಂಡೆಯನ್ನು ನೋಡಿತು. ಆಮೇಲೆ ಬೇರೆ ಕಡೆ ನೋಡಲಿಲ್ಲ.

"ಹೋಗ್ತಿದೆ!" ಅಂದ ದ್ಯಾಮಣ್ಣ. "ಏ ಕಲ್ಲೀ, ನೆಟ್ಟಗೆ ಹೋಗ್ತಿದೆ ಕಣೋ!"

"ಮಾತಾಡಬೇಡ. ಹುಟ್ಟು ಹಾಕು."

"ಹಾಕ್ತಿದ್ದೀನಪ್ಪಾ ದೊರೆ, ಹಾಕ್ತಿದ್ದೀನಿ! ನೀನು ಮಲಗಿರು!"

ಒಬ್ಬನೇ ನೂಕುತ್ತಿದ್ದ. ಆದರೂ ಇಬ್ಬರು ನೂಕಿದ್ದಕ್ಕಿಂತ ದೋಣಿ ಮುಂದೆ ಹೋಯಿತು. ಹಾಕಿದ ಒಂದೊಂದು ಹುಟ್ಟೂ ದಾರಿಯಾಯಿತು. ಕೆಂಪು ನೀರು ಪಕ್ಕಕ್ಕೆ ಬಡಿಯಿತು, ಸುಮ್ಮನೆ ಹಿಂದೆ ಸರಿಯಿತು.

ದಂಡೆಯ ಮೇಲೆ ಮೊದಲು ಒಬ್ಬರು ಕೂಗಿದರು. ಆಮೇಲೆ ಊರೇ ಕೂಗಿತು.

"ತೆನೆ ಬಂತು! ತೆನೆ ಬಂತು!"

ಹುಣಸೆಯ ತೋಪಿನ ನೆತ್ತಿಯ ಮೇಲೆ ಹೊತ್ತು ಇನ್ನೂ ಇತ್ತು. ಗಂಡಸರು ಸೊಂಟದುದ್ದ ನೀರಿಗೆ ನುಗ್ಗಿ ಬಂದರು. ಮೊರವನ್ನು ತಲೆಯ ಮೇಲೆ ಎತ್ತಿದರು. ಅದು ಕೈಯಿಂದ ಕೈಗೆ, ತಲೆಯಿಂದ ತಲೆಗೆ ಹೋಗಿ ಗುರುಗಳ ಕೈ ಸೇರಿತು.

ಗುರುಗಳು ಬಟ್ಟೆ ಸರಿಸಿದರು. ತೆನೆಯನ್ನು ಕೆನ್ನೆಗೊತ್ತಿ ನೋಡಿದರು.

"ನೀರು ತಾಗಿಲ್ಲ," ಅಂದರು.

ಶಂಖ ಊದಿದರು. ಜಾಗಟೆ ಬಡಿದರು. ಮುದುಕರು ಅತ್ತರು. ಮಕ್ಕಳು ಯಾಕೆಂದು ಗೊತ್ತಿಲ್ಲದೆ ಕುಣಿದವು. ತೆನೆ ದೇವರ ಮುಂದೆ ಕೂತ ಕೂಡಲೇ ಮನೆಮನೆಯಲ್ಲೂ ಒಲೆ ಹೊತ್ತಿತು. ಅಕ್ಕಿ ತೊಳೆದಿಟ್ಟು ಕಾದಿದ್ದರು ಎಲ್ಲರೂ.

ಕಲ್ಲಿನಾಥನನ್ನು ನೀರಿನಿಂದ ಎತ್ತಿಕೊಂಡೇ ತಂದರು. ಅವನ ಕೈ ಇನ್ನೂ ಮಣೆಯನ್ನು ಬಿಟ್ಟಿರಲಿಲ್ಲ.

"ಏನು ನ್ಯಾಯ ಇದು?" ದ್ಯಾಮಣ್ಣ ಊರವರಿಗೆಲ್ಲ ಕೇಳುವಂತೆ ಹೇಳಿದ. "ಹುಟ್ಟು ಹಾಕಿದವನು ನಾನು. ಇವನು ಮಲಗಿ ಬಂದ. ಮೆರವಣಿಗೆ ಇವನಿಗಾ?"

"ಹೋದ ವರ್ಷ ಎದ್ದು ಕೂತು ತಡ ಮಾಡಿದ," ಅಂದಳು ಸಂಕವ್ವ. "ಈ ವರ್ಷ ಮಲಗಿ ಬೇಗ ತಂದ. ಮುಂದಿನ ವರ್ಷ ನಿದ್ದೆ ಹೋಗಲಿ ಬಿಡು, ಮಧ್ಯಾಹ್ನಕ್ಕೇ ಬಂದೀತು!"

ಕಲ್ಲಿನಾಥ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತ ನಗುತ್ತ ಅವನ ಕಣ್ಣು ತುಂಬಿತು. ಗೆಣಸಿನ ಮಾತು ಕೇಳಿದ್ದ ಆ ಹೆಂಗಸು ಬಂದು ಅವನ ನೆತ್ತಿ ಮುಟ್ಟಿ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಮಠದ ಅಂಗಳದಲ್ಲಿ ಎಲೆ ಹಾಸಿದರು. ಹೊಸ ಅಕ್ಕಿಯ ಅನ್ನದ ವಾಸನೆ ಹೊಳೆಯ ತನಕ ಹರಡಿತು. ಮಕ್ಕಳು ಮುಂದೆ ಕೂತವು, ಎಲೆಯ ಮೇಲೆ ಕೈ ಇಟ್ಟುಕೊಂಡು.

ಕಲ್ಲಿನಾಥ ಮಣೆಯನ್ನು ತೊಳೆದ. ಬಟ್ಟೆಯಿಂದ ಒರೆಸಿದ. ಗುರುಗಳ ಜಾಗಕ್ಕೆ ತಂದ.

ಗುರುಗಳು ಆಗಲೇ ಬರಿ ನೆಲದ ಮೇಲೆ, ಊರವರ ಸಾಲಿನಲ್ಲಿ, ಕೂತಿದ್ದರು.

"ತಪ್ಪಾಯಿತು ಗುರುಗಳೇ," ಅಂದ. "ನಿಮ್ಮ ಮಣೆಯನ್ನು ಕೆಸರಿಗೆ ಹಾಕಿದೆ. ನಿಮ್ಮ ಆಸನ ನೀರಿಗಿಳಿಯಿತು. ಎದ್ದೇಳಿ, ಹಾಕುತ್ತೇನೆ."

ಗುರುಗಳು ಮಣೆಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಅದರ ಅಂಚಿಗೆ ಕೆಂಪು ಮಣ್ಣು ಇನ್ನೂ ಅಂಟಿತ್ತು.

"ಇಷ್ಟು ವರ್ಷ ಅದರ ಮೇಲೆ ನಾನು ಕೂತಿದ್ದೆ. ಈಗ ಅದಕ್ಕೊಂದು ಹೊಳೆ ಸಿಕ್ಕಿದೆ, ದೋಣಿಯಲ್ಲೇ ಇರಲಿ. ನನಗೆ ನೆಲ ಸಾಕು, ಅನ್ನ ಬಡಿಸು."